ಮೂರು ತಿಂಗಳ ಕಾರು ಪ್ರಯಾಣ, ಜೊತೆಗೆ ದಿನದ ಆಫೀಸು: ಸೋಮವಾರ ಎಲ್ಲಿ ಕೂರುತ್ತೀರಿ ಅನ್ನುವುದೇ ಮೊದಲ ಲೆಕ್ಕ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ನಾನು, ನಮ್ಮ ಯಜಮಾನರು ಇಬ್ಬರೂ ಸಾಫ್ಟ್‌ವೇರ್ ಕಂಪನಿಗಳಿಗೆ ಮನೆಯಿಂದಲೇ ಕೆಲಸ ಮಾಡುತ್ತೇವೆ. ನನ್ನದು ಬೆಳಿಗ್ಗೆ 10ರಿಂದ ಸಂಜೆ 7, ಅವರದು ಮಧ್ಯಾಹ್ನ 2ರಿಂದ ರಾತ್ರಿ 11. ಐದು ವರ್ಷ ಹಳೆಯ ಪೆಟ್ರೋಲ್ ಕಾರಿದೆ. ನವೆಂಬರ್‌ನಲ್ಲಿ ಹೊರಟು ಕರಾವಳಿ, ಗೋವಾ, ಕೊಲ್ಹಾಪುರ, ಪುಣೆ, ಗುಜರಾತ್ ನೋಡಿಕೊಂಡು ಉದಯಪುರದವರೆಗೆ ಹೋಗಿ ಜನವರಿ ಕೊನೆಗೆ ವಾಪಸ್ ಬರುವ ಯೋಚನೆ. ರಜೆ ಹಾಕುವಂತಿಲ್ಲ. ಕಾರಿಗೆ ಇನ್ವರ್ಟರ್ ಹಾಕಿಸಿದರೆ ದಾರಿಯಲ್ಲೇ ಕೆಲಸ ಮಾಡಬಹುದೇ? ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಬೇಕು? ಯಾವ ಸಿಮ್ ಒಳ್ಳೆಯದು? ಅತ್ತೆ, ಮಾವ ಇದು ಆಗುವ ಮಾತಲ್ಲ ಅನ್ನುತ್ತಿದ್ದಾರೆ.

ಉತ್ತರ: ಆಗುವ ಮಾತೇ. ಆದರೆ ನಿಮ್ಮ ಪ್ರಶ್ನೆಯಲ್ಲಿ ಕಾರು ಮೊದಲು ಬಂದಿದೆ, ಕೆಲಸ ಆಮೇಲೆ ಬಂದಿದೆ. ಅದನ್ನು ತಿರುಗಿಸಿಕೊಳ್ಳಿ. ಕಾರು ಓಡುವ ದಿನ ಬೇರೆ, ಕೆಲಸದ ದಿನ ಬೇರೆ ಎಂದು ಗೆರೆ ಎಳೆದುಕೊಂಡು ಹೊರಟವರ ಪ್ರಯಾಣ ಮೂರು ತಿಂಗಳೂ ಸಲೀಸಾಗಿ ನಡೆಯುತ್ತದೆ. ಬೆಳಿಗ್ಗೆ ಇನ್ನೂರು ಕಿಲೋಮೀಟರ್ ಓಡಿಸಿ ಮಧ್ಯಾಹ್ನ ಲಾಗಿನ್ ಆಗೋಣ ಅಂದುಕೊಂಡವರದು ಎರಡನೇ ವಾರಕ್ಕೇ ಹದಗೆಡುತ್ತದೆ. ಒಂದು ಟೈರ್ ಪಂಕ್ಚರ್, ಒಂದು ಕಡೆ ರಸ್ತೆ ತಡೆ, ಅಷ್ಟು ಸಾಕು. ಹತ್ತು ಗಂಟೆಯ ಮೀಟಿಂಗ್‌ಗೆ ಡಾಬಾ ಮುಂದೆ ನಿಂತು ಫೋನ್ ಹಿಡಿದುಕೊಂಡು ಕ್ಷಮೆ ಕೇಳುವ ಸ್ಥಿತಿ ಬರುತ್ತದೆ.

ನಿಮ್ಮಿಬ್ಬರ ಪಾಳಿಯನ್ನು ಒಟ್ಟಿಗೆ ಇಟ್ಟು ನೋಡಿ. ಬೆಳಿಗ್ಗೆ 10ರಿಂದ ರಾತ್ರಿ 11ರವರೆಗೆ ಇಬ್ಬರಲ್ಲಿ ಒಬ್ಬರಾದರೂ ಕೆಲಸದಲ್ಲಿರುತ್ತೀರಿ. ಇಬ್ಬರಿಗೂ ಬಿಡುವಿರುವುದು ಬೆಳಗಿನ ಹೊತ್ತು ಮಾತ್ರ. ಆ ಹೊತ್ತನ್ನು ಊರು ನೋಡಲು ಬಳಸಿ, ಊರು ಬದಲಿಸಲು ಬೇಡ. ಒಂದೊಂದು ಊರಲ್ಲಿ ಕನಿಷ್ಠ ಏಳು ರಾತ್ರಿ, ಸಾಧ್ಯವಾದರೆ ಹದಿನಾಲ್ಕು ರಾತ್ರಿ ಬಿಡಾರ ಹೂಡಿ. ಶನಿವಾರ ಊರು ಬದಲಾವಣೆ, ಭಾನುವಾರ ಪೂರ್ತಿ ಕೈಯಲ್ಲಿರಲಿ. ಆ ಭಾನುವಾರ ಸುಮ್ಮನೆ ಇಟ್ಟ ದಿನವಲ್ಲ. ಹೊಸ ಜಾಗದಲ್ಲಿ ನೆಟ್ ಬರುತ್ತದೆಯೇ, ಪ್ಲಗ್ ಪಾಯಿಂಟ್ ಕೆಲಸ ಮಾಡುತ್ತದೆಯೇ, ಮೇಜು ಅಲ್ಲಾಡುತ್ತದೆಯೇ ಎಂದು ನೋಡಿಕೊಳ್ಳುವುದು, ಸರಿಯಿಲ್ಲದಿದ್ದರೆ ಬೇರೆ ರೂಮ್ ಹುಡುಕುವುದು ಆ ದಿನವೇ. ಸೋಮವಾರ ಬೆಳಿಗ್ಗೆ ಗೊತ್ತಾದರೆ ಏನೂ ಮಾಡುವಂತಿರುವುದಿಲ್ಲ.

ಶನಿವಾರದ ಹೊರಡುವ ಸಮಯದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ನಿಮ್ಮ ಯಜಮಾನರು ಶುಕ್ರವಾರ ರಾತ್ರಿ 11ಕ್ಕೆ ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಊಟ ಮುಗಿದು, ತಲೆಯೊಳಗಿನ ಕೆಲಸ ಇಳಿದು ನಿದ್ದೆ ಹತ್ತುವಾಗ ಹನ್ನೆರಡೂವರೆ. ನಮ್ಮ ಕಡೆಯ ರೂಢಿಯಂತೆ ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಮೂರೂವರೆ ಗಂಟೆ ನಿದ್ದೆಯಲ್ಲಿ ಸ್ಟೀರಿಂಗ್ ಹಿಡಿದಂತಾಯಿತು. ಬೇಡವೇ ಬೇಡ. ಏಳೂವರೆ, ಎಂಟಕ್ಕೆ ತಿಂಡಿ ತಿಂದೇ ಹೊರಡಿ. ಮೊದಲ ಎರಡು ಗಂಟೆ ನೀವು ಓಡಿಸಿ. ಎರಡು ಗಂಟೆಗೊಮ್ಮೆ ಇಳಿದು ಹದಿನೈದು ನಿಮಿಷ ಕಾಲಾಡಿಸಿ, ಚಾಲಕರು ಬದಲಾಗಿ. ಕತ್ತಲಾಗುವ ಮೊದಲು ಗಾಡಿ ನಿಲ್ಲಬೇಕು. ಮಂಡ್ಯದ ರಸ್ತೆಯಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಾಗಿ ಗಾಬರಿಯಾದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ನೀವು ಕೊಲ್ಹಾಪುರ ತಲುಪುವ ಹೊತ್ತಿಗೆ ಅಲ್ಲಿ ಕಬ್ಬು ಅರೆಯುವ ಕಾಲ. ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ಗಳು ಹೆದ್ದಾರಿಗೇ ಬರುತ್ತವೆ.

ಈ ಲೆಕ್ಕದಲ್ಲಿ ಶನಿವಾರಕ್ಕೆ 250ರಿಂದ 300 ಕಿ.ಮೀ. ಹಿತ. ಘಾಟಿ ರಸ್ತೆಯಲ್ಲಿ ಗಂಟೆಗೆ ಸರಾಸರಿ 40, ನಾಲ್ಕು ಪಥದ ಹೆದ್ದಾರಿಯಲ್ಲಿ ನಿಲುಗಡೆ ಸೇರಿ 60ರಿಂದ 65 ಎಂದು ಹಿಡಿಯಿರಿ. ಮ್ಯಾಪ್ ತೋರಿಸುವ ಸಮಯಕ್ಕೆ ಮೂರನೇ ಒಂದು ಭಾಗ ಸೇರಿಸಿದರೆ ನಿಜದ ಹತ್ತಿರ ಬರುತ್ತದೆ.

ನಿಮ್ಮ ದಾರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮೈಸೂರಿನಿಂದ ಹುಣಸೂರು, ಮಡಿಕೇರಿ, ಸಂಪಾಜೆ ಘಾಟಿ, ಪುತ್ತೂರು ಮೇಲೆ ಮಂಗಳೂರಿಗೆ ಸುಮಾರು 250 ಕಿ.ಮೀ. ಅಲ್ಲಿಂದ ಮುಂದೆ ಗೋವಾವರೆಗೆ ರಾಷ್ಟ್ರೀಯ ಹೆದ್ದಾರಿ 66 ಕಡಲ ಮಗ್ಗುಲಲ್ಲೇ ಹೋಗುತ್ತದೆ. ಮಂಗಳೂರು ಅಥವಾ ಉಡುಪಿ ಒಂದು ಬಿಡಾರ, ಕುಮಟಾ ಅಥವಾ ಗೋಕರ್ಣ ಇನ್ನೊಂದು, ಗೋವಾ ಮೂರನೆಯದು. ಆಮೇಲೆ ಕೊಲ್ಹಾಪುರ, ಪುಣೆ, ನಾಸಿಕ್, ವಡೋದರಾ ಅಥವಾ ಅಹಮದಾಬಾದ್, ಕೊನೆಗೆ ಉದಯಪುರ. ಇವುಗಳಲ್ಲಿ ಹೆಚ್ಚಿನ ಕೂಡಿಕೆಗಳು 270 ಕಿ.ಮೀ. ಒಳಗೇ ಇವೆ. ನಾಸಿಕ್‌ನಿಂದ ವಡೋದರಾ ಒಂದೇ ದಿನಕ್ಕೆ ಹೆಚ್ಚಾಗುತ್ತದೆ. ಸೂರತ್‌ನಲ್ಲಿ ಶನಿವಾರ ರಾತ್ರಿ ಉಳಿದು ಭಾನುವಾರ ಬೆಳಿಗ್ಗೆ ಮುಗಿಸಿ. ವಾಪಸು ಬರುವಾಗ ಉದಯಪುರದಿಂದ ಹಿರಿಯೂರಿನವರೆಗೂ ಒಂದೇ ಹೆದ್ದಾರಿ, 48. ಹಿರಿಯೂರಿನಲ್ಲಿ 150ಎ ಹಿಡಿದರೆ ಹುಳಿಯಾರು, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರು. ಬೆಂಗಳೂರಿನ ಗೊಡವೆಯೇ ಇಲ್ಲ. ಆದರೆ ವಾಪಸಿನ ದೂರ 1,500 ಕಿ.ಮೀ. ಮೀರುತ್ತದೆ. ಊರಿನ ಹಂಬಲದಲ್ಲಿ ಅದನ್ನು ಒಂದೇ ವಾರಾಂತ್ಯದಲ್ಲಿ ಓಡಿಸಿ ಮುಗಿಸುವ ಆಸೆ ಬರುತ್ತದೆ. ಮೂರು ವಾರಾಂತ್ಯಗಳಿಗೆ ಈಗಲೇ ಹಂಚಿಡಿ, ನಡುವೆ ಪುಣೆ, ಬೆಳಗಾವಿಯಂಥ ಊರುಗಳಲ್ಲಿ ವಾರ ಕೂರಿ.

ಇನ್ವರ್ಟರ್ ವಿಷಯಕ್ಕೆ ಬರೋಣ, ಏಕೆಂದರೆ ಹಣವೂ ಕೆಡುವುದು, ಕಾರೂ ಕೆಡುವುದು ಇಲ್ಲೇ. ಕಾರಿನ ಬ್ಯಾಟರಿಗೆ ನೇರ ವೈರ್ ಎಳೆದು ಇನ್ವರ್ಟರ್ ಕೂರಿಸಿಕೊಡುವವರು ಊರೂರಲ್ಲೂ ಸಿಗುತ್ತಾರೆ. ಹಾಕಿಸಬೇಡಿ. 12 ವೋಲ್ಟ್‌ನಲ್ಲಿ 300 ವಾಟ್ ಎಳೆದರೆ ವೈರ್‌ನಲ್ಲಿ 25 ಆಂಪಿಯರ್‌ಗೂ ಹೆಚ್ಚು ಕರೆಂಟ್ ಹರಿಯುತ್ತದೆ. ತೆಳು ವೈರ್ ಇದ್ದರೆ ಬಿಸಿಯಾಗಿ ಇನ್ಸುಲೇಷನ್ ಕರಗುತ್ತದೆ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇಲ್ಲದಿದ್ದರೆ ಬೆಂಕಿಗೆ ದಾರಿ. ಇನ್ನೊಂದು ತೊಂದರೆ ಬ್ಯಾಟರಿಯದೇ. ಕಾರಿನ ಲೆಡ್ ಆಸಿಡ್ ಬ್ಯಾಟರಿ ಇರುವುದು ಸ್ಟಾರ್ಟ್ ಮಾಡುವ ಕೆಲವು ಸೆಕೆಂಡುಗಳಿಗೆ ಜೋರಾಗಿ ಕರೆಂಟ್ ಕೊಡಲು, ಗಂಟೆಗಟ್ಟಲೆ ನಿಧಾನವಾಗಿ ಖಾಲಿಯಾಗಲು ಅಲ್ಲ. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಸೆಲ್ಫ್ ಎಳೆಯುವುದೇ ಅನುಮಾನ. ಎರಡು ಲ್ಯಾಪ್‌ಟಾಪ್ ಮೂರ್ನಾಲ್ಕು ಗಂಟೆ ನಡೆದರೆ ಸಣ್ಣ ಕಾರಿನ ಬ್ಯಾಟರಿ ಆ ಮಟ್ಟಕ್ಕೆ ಇಳಿಯುತ್ತದೆ. ಹಾಗೆ ಮತ್ತೆ ಮತ್ತೆ ಅರ್ಧಕ್ಕಿಂತ ಕೆಳಗಿಳಿಸಿದರೆ ನಾಲ್ಕು ವರ್ಷ ಬರಬೇಕಾದ ಬ್ಯಾಟರಿ ಬೇಗನೆ ಕೈಕೊಡುತ್ತದೆ.

ಅದರ ಬದಲು ಕೈಯಲ್ಲಿ ಎತ್ತಿಕೊಂಡು ಹೋಗುವ ದೊಡ್ಡ ಬ್ಯಾಟರಿ ಪೆಟ್ಟಿಗೆ, ಅಂದರೆ ಪವರ್ ಸ್ಟೇಷನ್ ಕೊಳ್ಳಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯದೇ ಆಗಲಿ. ಬೇರೆ ಲಿಥಿಯಂ ಬಗೆಗಳಿಗಿಂತ ಬಿಸಿ ತಡೆಯುತ್ತದೆ, ಬಾಳಿಕೆಯೂ ಹೆಚ್ಚು. ಎಷ್ಟು ದೊಡ್ಡದು ಬೇಕು? ಚಾರ್ಜರ್ ಮೇಲೆ 65 ವಾಟ್ ಎಂದು ಬರೆದಿದ್ದರೂ ಅದು ಗರಿಷ್ಠ. ಸಾಮಾನ್ಯ ಕೆಲಸ, ನಡುವೆ ವಿಡಿಯೊ ಕಾಲ್ ಇದ್ದರೆ ಲ್ಯಾಪ್‌ಟಾಪ್ 25ರಿಂದ 30 ವಾಟ್ ತಿನ್ನುತ್ತದೆ. ಎರಡಕ್ಕೆ 60, ರೂಟರ್‌ಗೆ 8. ಎಂಟು ಗಂಟೆಗೆ 544 ವಾಟ್ ಅವರ್. ಫೋನ್‌ಗಳಿಗೆ ಇನ್ನೊಂದು 30. ಲ್ಯಾಪ್‌ಟಾಪ್‌ಗಳ ಸ್ವಂತ ಬ್ಯಾಟರಿಯೊಳಗೇ ತಲಾ 50 ಇರುತ್ತದೆ. ಹೀಗಾಗಿ 500 ವಾಟ್ ಅವರ್ ಪೆಟ್ಟಿಗೆಯಿಂದ, ನಷ್ಟ ಕಳೆದರೂ, ಆರೇಳು ಗಂಟೆ ಕರೆಂಟ್ ಹೋದರೆ ತಡೆದುಕೊಳ್ಳಬಹುದು. ಬಿಡಾರ ಹೂಡಿ ಕೆಲಸ ಮಾಡುವವರಿಗೆ ಅದು ಧಾರಾಳ. ಕಾರಿನ 12 ವೋಲ್ಟ್ ಸಾಕೆಟ್‌ನಿಂದ ಅದನ್ನು ಚಾರ್ಜ್ ಮಾಡಬಹುದು, ಆದರೆ ಆ ಸಾಕೆಟ್ ಸಾಮಾನ್ಯವಾಗಿ 10 ಆಂಪಿಯರ್‌ದು. 100 ವಾಟ್ ಆಸುಪಾಸು ಮಾತ್ರ ಕೊಡುತ್ತದೆ, ಪೂರ್ತಿ ತುಂಬಲು ಐದು ಗಂಟೆಗೂ ಮೇಲೆ ಬೇಕು. ಎಂಜಿನ್ ಚಾಲೂ ಇದ್ದಾಗ ಮಾತ್ರ ಸಿಕ್ಕಿಸಿ.

ಪವರ್ ಸ್ಟೇಷನ್‌ನಲ್ಲಿ ಮೂರು ಪಿನ್ ಸಾಕೆಟ್ ಇದೆ ಎಂದು ಲ್ಯಾಪ್‌ಟಾಪ್ ಚಾರ್ಜರನ್ನು ಅದಕ್ಕೇ ಚುಚ್ಚುವವರು ಹೆಚ್ಚು. ಒಳಗೆ 230 ವೋಲ್ಟ್‌ಗೆ ಏರಿಸಿ, ಚಾರ್ಜರ್ ಅದನ್ನು ಮತ್ತೆ 20ಕ್ಕೆ ಇಳಿಸುವಷ್ಟರಲ್ಲಿ ಒಂದು ಪಾಲು ಶಾಖವಾಗಿ ಹೋಗಿರುತ್ತದೆ. ಟೈಪ್ ಸಿ ಔಟ್‌ಪುಟ್‌ನಿಂದ ನೇರ ಕೊಡಿ. ಕೇಬಲ್ ನೋಡಿ ಕೊಳ್ಳಿ: 60 ವಾಟ್‌ಗಿಂತ ಹೆಚ್ಚು ಹರಿಯಬೇಕಾದರೆ ಕೇಬಲ್‌ನ ತುದಿಯೊಳಗೆ ಒಂದು ಪುಟ್ಟ ಚಿಪ್ ಇರಬೇಕು, ಪ್ಯಾಕೆಟ್ ಮೇಲೆ 100 ವಾಟ್ ಅಥವಾ 5 ಆಂಪಿಯರ್ ಎಂದಿರುತ್ತದೆ. ಫೋನ್ ಜೊತೆ ಬಂದ ಕೆಲವು ಕೇಬಲ್ ಹಾಕಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿರುವಂತೆ ತೋರಿಸುತ್ತದೆ, ಕಾಲ್ ಶುರುವಾದರೆ ಶೇಕಡ ಇಳಿಯುತ್ತಲೇ ಹೋಗಬಹುದು. ಚಾರ್ಜರ್ ಕೆಟ್ಟಿದೆ ಎಂದು ಹೊಸದು ತರುವ ಮೊದಲು ಕೇಬಲ್ ಬದಲಿಸಿ ನೋಡಿ. ವಿದ್ಯುತ್ ಕೆಟಲ್ 1,500 ವಾಟ್, ಇಂಡಕ್ಷನ್ ಒಲೆಯೂ ಅದೇ ಅಂದಾಜು. ಇವೆರಡನ್ನೂ ಪೆಟ್ಟಿಗೆಗೆ ಸಿಕ್ಕಿಸಿದ ಕ್ಷಣ ಅದು ಟ್ರಿಪ್ ಆಗುತ್ತದೆ. ಅವು ರೂಮಿನ ಕರೆಂಟ್‌ಗೇ ಇರಲಿ.

ಬಿಸಿಲಲ್ಲಿ ನಿಲ್ಲಿಸಿದ, ಗಾಜು ಮುಚ್ಚಿದ ಕಾರಿನೊಳಗೆ ಪವರ್ ಸ್ಟೇಷನ್, ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಬಿಡಬೇಡಿ. ಕಾರಿನೊಳಗೆ 60 ಡಿಗ್ರಿ ಮುಟ್ಟಲು ಹೆಚ್ಚು ಹೊತ್ತು ಬೇಡ, 45 ಡಿಗ್ರಿ ದಾಟಿದ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕುವುದು ಅದರ ಆಯಸ್ಸನ್ನು ನಾವೇ ಕಡಿಮೆ ಮಾಡಿದಂತೆ.

ಹಾಗಾದರೆ ದಾರಿಯಲ್ಲಿ ಕೆಲಸ ಮಾಡಲೇಬಾರದೇ? ಓಡುವ ಕಾರಿನಲ್ಲಿ ಬೇಡ. ಕಣ್ಣು ನಿಂತ ಪರದೆ ನೋಡುತ್ತಿರುತ್ತದೆ, ಒಳಕಿವಿ ತಿರುವುಗಳನ್ನು ಹೇಳುತ್ತಿರುತ್ತದೆ. ಎರಡೂ ಹೊಂದದೆ ಹತ್ತು ನಿಮಿಷಕ್ಕೆ ವಾಕರಿಕೆ ಬರುತ್ತದೆ, ಘಾಟಿಯಲ್ಲಂತೂ ಖಂಡಿತ. ಟವರ್‌ನಿಂದ ಟವರ್‌ಗೆ ಹಾರುವಾಗ ಕಾಲ್ ಕಟ್ಟಾಗುತ್ತದೆ. ಇವೆರಡಕ್ಕಿಂತ ದೊಡ್ಡ ಕಾರಣ ಏರ್‌ಬ್ಯಾಗ್. ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಾಗ ಡಿಕ್ಕಿಯಾದರೆ, ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಆ ಚೀಲ ಒಂದೂವರೆ ಕಿಲೋ ಲೋಹವನ್ನು ನೇರ ಎದೆ, ಮುಖಕ್ಕೆ ಹೊಡೆಯುತ್ತದೆ. ಜೀವ ಉಳಿಸಬೇಕಾದದ್ದೇ ಜೀವಕ್ಕೆ ಎರವಾಗುತ್ತದೆ. ತೀರಾ ಅನಿವಾರ್ಯ ಕಾಲ್ ಇದ್ದರೆ ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಆವರಣದಲ್ಲಿ ನಿಲ್ಲಿಸಿ, ಹಿಂದಿನ ಸೀಟಿಗೆ ಹೋಗಿ ಕೂತು ಮಾತಾಡಿ. ಹೆದ್ದಾರಿಯ ಅಂಚು ಅದಕ್ಕೆ ಜಾಗವಲ್ಲ. ಎಸಿಗಾಗಿ ಎಂಜಿನ್ ಚಾಲೂ ಇಟ್ಟರೆ ಗಂಟೆಗೆ ಒಂದು ಲೀಟರ್ ಹತ್ತಿರ ಪೆಟ್ರೋಲ್ ಹೋಗುತ್ತದೆ. ಮುಚ್ಚಿದ ಗ್ಯಾರೇಜು, ಬೇಸ್‌ಮೆಂಟುಗಳಲ್ಲಿ ಹಾಗೆ ಮಾಡಲೇಬೇಡಿ, ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ನೆಟ್‌ವರ್ಕ್. ಯಾವ ಸಿಮ್ ಒಳ್ಳೆಯದು ಎಂಬುದಕ್ಕೆ ಉತ್ತರ, ಬೇರೆ ಬೇರೆ ಕಂಪನಿಯ ಎರಡು. ಒಬ್ಬರದು ಜಿಯೋ ಆದರೆ ಇನ್ನೊಬ್ಬರದು ಏರ್‌ಟೆಲ್. ಮೂರನೆಯದಾಗಿ ಒಂದು ಬಿಎಸ್‌ಎನ್‌ಎಲ್ ಇದ್ದರೆ ಕಾಡು, ಘಾಟಿ ಮಗ್ಗುಲಲ್ಲಿ ಮಾತಿಗಾದರೂ ಆಗುತ್ತದೆ. ಬಾರ್ ಎಣಿಸಬೇಡಿ, ಅವು ಫೋನ್‌ನಿಂದ ಫೋನ್‌ಗೆ ಬದಲಾಗುತ್ತವೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಎಷ್ಟು ಡಿಬಿಎಂ ಎಂದು ಇರುತ್ತದೆ. ಅದು ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 90ರ ಒಳಗಿದ್ದರೆ ನಿಶ್ಚಿಂತೆ. ಮೈನಸ್ 105 ಆದರೆ ಮೇಲ್, ಚಾಟ್ ನಡೆಯುತ್ತದೆ, ವಿಡಿಯೊ ತಡವರಿಸುತ್ತದೆ. 115 ದಾಟಿದರೆ ಆ ರೂಮ್ ಬಿಡಿ. ಒಂದೇ ಮನೆಯಲ್ಲಿ ಕಿಟಕಿ ಹತ್ತಿರಕ್ಕೂ ಒಳಕೋಣೆಗೂ ಹತ್ತು ಡಿಬಿ ವ್ಯತ್ಯಾಸ ಬರುವುದುಂಟು. ಹಂಚಿನ ಮನೆಗಿಂತ ಕಾಂಕ್ರೀಟ್ ಗೋಡೆ ಹೆಚ್ಚು ನುಂಗುತ್ತದೆ.

ವೇಗ ಅಳೆಯುವಾಗ ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ. ಮೀಟಿಂಗ್ ಕೆಡಿಸುವುದು ಅಪ್‌ಲೋಡ್. ಒಂದು ವಿಡಿಯೊ ಕಾಲ್‌ಗೆ ಎರಡೂ ಕಡೆಗೆ ಒಂದೂವರೆ ಎಂಬಿಪಿಎಸ್ ನಿಂತು ಸಿಗಬೇಕು, ಸ್ಕ್ರೀನ್ ಹಂಚಿಕೊಂಡರೆ ಮೂರು ಇರಲಿ. ಮಧ್ಯಾಹ್ನ 2ರಿಂದ 7ರವರೆಗೆ ನೀವಿಬ್ಬರೂ ಒಟ್ಟಿಗೆ ಕೆಲಸದಲ್ಲಿರುವುದರಿಂದ ಅದರ ದುಪ್ಪಟ್ಟು. ಬೆಳಗಿನ ಆರು ಗಂಟೆಗೆ ಅಳೆದು ಖುಷಿಪಡಬೇಡಿ. ಪ್ರವಾಸಿ ಊರುಗಳಲ್ಲಿ ಸಂಜೆ 7ರಿಂದ 10ರವರೆಗೆ ಒಂದೇ ಟವರಿಗೆ ಇಡೀ ಊರು ಜೋತುಬಿದ್ದಿರುತ್ತದೆ, ಅದು ನಿಮ್ಮ ಯಜಮಾನರ ಪಾಳಿಯ ಮುಖ್ಯ ಹೊತ್ತು. ಶನಿವಾರ ಸಂಜೆ ಅಳೆದರೆ ನಿಜ ಗೊತ್ತಾಗುತ್ತದೆ.

ಡೇಟಾ ಲೆಕ್ಕ ಇನ್ನೊಂದು ಕಡೆ ತಪ್ಪುತ್ತದೆ. ವಿಡಿಯೊ ಕಾಲ್ ಗಂಟೆಗೆ ಸುಮಾರು 1 ಜಿಬಿ. ಇಬ್ಬರಿಗೂ ದಿನಕ್ಕೆ ಮೂರು ಗಂಟೆ ಎಂದರೆ ಆರು, ಉಳಿದ ಕೆಲಸ ಸೇರಿ ಏಳೆಂಟು ಜಿಬಿ. ದಿನಕ್ಕೆ 2 ಜಿಬಿಯ ಪ್ಲಾನ್ ಊಟದ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಅದು ಕುಂಟುವ ವೇಗದಲ್ಲಿ ಯಾವ ಕಾಲೂ ನಡೆಯದು. ಅನ್‌ಲಿಮಿಟೆಡ್ 5ಜಿ ಇದೆಯಲ್ಲ ಎನ್ನಬಹುದು. ಅದು 5ಜಿ ಸಿಕ್ಕ ಜಾಗದಲ್ಲಿ ಮಾತ್ರ, 4ಜಿಗೆ ಇಳಿದ ಕ್ಷಣದಿಂದ ದಿನದ ಕೋಟಾ ಕರಗುತ್ತದೆ. ಹಾಗಾಗಿ ಬಿಡಾರದ ವೈಫೈ ಮೊದಲ ಆಧಾರ, ಸಿಮ್‌ಗಳು ಬೆನ್ನಿಗೆ. ವಿಡಿಯೊ ಆರಿಸಿ ಬರೀ ಧ್ವನಿಯಲ್ಲಿ ಮಾತಾಡಿದರೆ ಗಂಟೆಗೆ 100 ಎಂಬಿ ಕೂಡ ಆಗದು. ತಂಡದವರಿಗೆ ಮೊದಲೇ ಹೇಳಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ.

ರೂಮ್ ಬುಕ್ ಮಾಡುವ ಮೊದಲು ಆ ಮನೆಯ ಮಾಲೀಕರಿಗೆ ಫೋನ್ ಮಾಡಿಯೇ ಕೇಳಬೇಕು, ವೆಬ್‌ಸೈಟಿನಲ್ಲಿ ವೈಫೈ ಚಿಹ್ನೆ ಇದೆ ಎಂದು ನಂಬಬೇಡಿ. ನಿಮ್ಮದು ಫೈಬರ್ರೋ, ಸಿಮ್ ಹಾಕಿದ ರೂಟರ್ರೋ? ರೂಟರ್ ನಮ್ಮ ರೂಮಿನಿಂದ ಎಷ್ಟು ದೂರ, ನಡುವೆ ಎಷ್ಟು ಗೋಡೆ? ಕರೆಂಟ್ ಹೋದಾಗ ರೂಟರ್ ಉರಿಯುತ್ತದೆಯೇ, ಯುಪಿಎಸ್‌ನಿಂದ ಫ್ಯಾನು, ಲೈಟು ಮಾತ್ರವೇ? ಮೇಜು, ಬೆನ್ನಿರುವ ಕುರ್ಚಿ ಎರಡು ಜೊತೆ ಇದೆಯೇ, ಫೋಟೊ ಕಳಿಸುತ್ತೀರಾ? ಈಗಲೇ ನಿಮ್ಮ ವೈಫೈನಲ್ಲಿ ಸ್ಪೀಡ್ ಟೆಸ್ಟ್ ಮಾಡಿ ವಾಟ್ಸಾಪ್‌ನಲ್ಲಿ ಹಾಕುತ್ತೀರಾ? ಮರ್ಯಾದೆಯಿಂದ ಕೇಳಿದರೆ ಹೆಚ್ಚಿನವರು ಕಳಿಸುತ್ತಾರೆ. ಕಳಿಸಲು ಸಬೂಬು ಹೇಳಿದರೆ ಅದೂ ಒಂದು ಉತ್ತರವೇ. ಏಳು ರಾತ್ರಿ ಉಳಿಯುತ್ತೇವೆ ಎಂದರೆ ಬಾಡಿಗೆ ಕಡಿಮೆಯಾಗುತ್ತದೆ, ಆದರೆ ಮೊದಲಿಗೆ ಎರಡು ರಾತ್ರಿಯ ಹಣ ಮಾತ್ರ ಕೊಡಿ. ಒಂದು ಪುಟ್ಟ ಸಾಮಾನು ನಿಮ್ಮ ಚೀಲದಲ್ಲಿರಲಿ: 12 ವೋಲ್ಟ್, 2 ಆಂಪಿಯರ್‌ನ ಮಿನಿ ಯುಪಿಎಸ್. ಫೈಬರ್ ತಂತಿಗೆ ಮನೆಯ ಕರೆಂಟ್ ಬೇಕಿಲ್ಲ, ತುದಿಯಲ್ಲಿರುವ ಪೆಟ್ಟಿಗೆಗೆ ಮಾತ್ರ ಬೇಕು. ಮನೆಯವರನ್ನು ಕೇಳಿ ಅದನ್ನು ರೂಟರ್‌ಗೆ ಸಿಕ್ಕಿಸಿದರೆ ಮೂರ್ನಾಲ್ಕು ಗಂಟೆ ನೆಟ್ ನಿಲ್ಲುವುದಿಲ್ಲ. ರೂಟರ್ 12 ವೋಲ್ಟ್‌ನದೇ ಹೌದೇ ಎಂದು ಅಡಾಪ್ಟರ್ ಮೇಲೆ ಓದಿಕೊಂಡೇ ಸಿಕ್ಕಿಸಿ, 9 ವೋಲ್ಟ್‌ನವೂ ಇವೆ.

ಇಬ್ಬರಿಗೂ ಒಂದೇ ಕೋಣೆ ಸಾಲದು. ಐದು ಗಂಟೆ ಒಟ್ಟಿಗೆ ಕಾಲ್‌ಗಳಿರುವಾಗ ಒಬ್ಬರ ಮಾತು ಇನ್ನೊಬ್ಬರ ಮೈಕಿಗೆ ಬೀಳುತ್ತದೆ, ಕಂಪನಿಯ ಗುಟ್ಟು ಇನ್ನೊಂದು ಕಂಪನಿಯ ಮೀಟಿಂಗಿಗೆ ಹೋಗುತ್ತದೆ. ವರಾಂಡ, ಅಡುಗೆಮನೆ, ಬಾಲ್ಕನಿ ಯಾವುದಾದರೂ ಬಾಗಿಲು ಹಾಕುವ ಎರಡನೇ ಜಾಗ ಇರುವ ಮನೆ ಹಿಡಿಯಿರಿ. ಹೋಟೆಲ್ ರೂಮಿಗಿಂತ ಒಂದು ಬೆಡ್‌ರೂಮಿನ ಮನೆ ಅಥವಾ ಹೋಂಸ್ಟೇ ಮೇಲು ಅನ್ನುವುದಕ್ಕೆ ಇದೇ ಕಾರಣ.

ಕಂಪನಿಗೆ ಹೇಳದೆ ಹೊರಡಬೇಡಿ. ಭಾರತದೊಳಗೆ ಎಲ್ಲಿಂದಲಾದರೂ ಕೆಲಸ ಮಾಡಬಹುದೇ, ಹೋಂಸ್ಟೇಯ ವೈಫೈ ಬಳಸಬಹುದೇ ಎಂದು ಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಕೆಲವು ಗ್ರಾಹಕರ ಕೆಲಸಕ್ಕೆ ನೋಂದಾಯಿಸಿದ ವಿಳಾಸದಿಂದಲೇ ಕೂರಬೇಕೆಂಬ ಷರತ್ತಿರುತ್ತದೆ. ಲ್ಯಾಪ್‌ಟಾಪ್ ಡಿಸ್ಕ್ ಎನ್‌ಕ್ರಿಪ್ಟ್ (ಕದ್ದವರು ಓದಲಾಗದಂತೆ ಗುಪ್ತಲಿಪಿ) ಆಗಿದೆಯೇ ನೋಡಿ. ಬ್ಯಾಂಕಿನ ಒಟಿಪಿ ಬರುವ ಸಿಮ್‌ನ ರೀಚಾರ್ಜ್ ಮೂರು ತಿಂಗಳು ದಾಟುವಂತಿರಲಿ.

ಕಾರಿನ ತಯಾರಿ. ಒಟ್ಟು ಓಟ, ಸುತ್ತಾಟ ಸೇರಿ, 5,000 ಕಿ.ಮೀ. ಮೀರಬಹುದು. ಹೊರಡುವ ಎರಡು ವಾರ ಮೊದಲು ಸರ್ವಿಸ್ ಮಾಡಿಸಿ. ಹಿಂದಿನ ದಿನ ಬೇಡ, ಸರಿಯಾಗಿ ಬಿಗಿಯದ ನಟ್ಟು, ಸೋರುವ ವಾಷರ್ ಆ ಎರಡು ವಾರದ ಊರೊಳಗಿನ ಓಡಾಟದಲ್ಲಿ ಗೊತ್ತಾಗಲಿ. ಐದು ವರ್ಷದ ಕಾರಿನಲ್ಲಿ ಮೂರು ವಸ್ತುಗಳ ಮೇಲೆ ಕಣ್ಣಿಡಿ. ಒಂದು, ಟೈರ್. ಪಕ್ಕೆಯ ಮೇಲೆ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 3520 ಎಂದರೆ 2020ರ 35ನೇ ವಾರ ತಯಾರಾದದ್ದು. ಗೀರು 1.6 ಮಿ.ಮೀ.ಗೆ ಇಳಿದರೆ ಕಾನೂನೇ ಬಿಡುವುದಿಲ್ಲ, 3 ಮಿ.ಮೀ. ಆದಾಗಲೇ ಬದಲಿಸುವುದು ಕ್ಷೇಮ. ಸ್ಟೆಪ್ನಿಯ ಗಾಳಿಯನ್ನೂ ನೋಡಿ, ಬೇಕಾದ ದಿನವೇ ಅದು ಚಪ್ಪಟೆಯಾಗಿರುತ್ತದೆ. ಎರಡು, ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ, ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಆ ನೀರಿನಂಶ ಕುದಿದು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷವಾಗಿದ್ದರೆ ಬದಲಿಸಿ. ಸಂಪಾಜೆ ಇಳಿಯುವಾಗ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗಬೇಡಿ. ಮೂರು, ಬ್ಯಾಟರಿ. ಮೊದಲಿನದೇ ಇನ್ನೂ ಇದ್ದರೆ ಮೈಸೂರಿನಲ್ಲೇ ಹೊಸದು ಹಾಕಿಸಿ.

ಗಾಳಿಯ ಒತ್ತಡ ಚಾಲಕರ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ, ತುಂಬಿದ ಗಾಡಿಗೆ ಬೇರೆ ಅಂಕಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ನೋಡಿ. ಸಾಮಾನು ಹಿಂದಿನ ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಬಾರದಂತೆ ಜೋಡಿಸಿ, ಭಾರದ ಪೆಟ್ಟಿಗೆ ತಳದಲ್ಲಿ, ಸೀಟಿಗೆ ಒತ್ತಿಕೊಂಡು. ಸೀಟು ಕಿತ್ತು ಹಾಸಿಗೆ ಕೂರಿಸಬೇಡಿ. ಆರ್‌ಸಿಯಲ್ಲಿರುವ ಆಸನಗಳ ಸಂಖ್ಯೆಗೂ ಗಾಡಿಗೂ ತಾಳೆಯಾಗದಿದ್ದರೆ ವಿಮೆ ಕ್ಲೇಮ್‌ಗೂ ತಕರಾರು ಬರುತ್ತದೆ.

ಕರ್ನಾಟಕದ ನೋಂದಣಿಯ ಕಾರು ಹೊರರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ ಮಾತ್ರ ಮರುನೋಂದಣಿಯ ಪ್ರಶ್ನೆ, ನಿಮಗೆ ಆ ಚಿಂತೆಯಿಲ್ಲ. ಡಿಎಲ್, ಆರ್‌ಸಿ, ವಿಮೆ ಡಿಜಿಲಾಕರ್‌ನಲ್ಲಿದ್ದರೆ ನಡೆಯುತ್ತದೆ. ಆದರೂ ನೆಟ್ ಇಲ್ಲದ ಕಡೆಗೆ ಒಂದು ಜೊತೆ ಕಾಗದ ಇರಲಿ. ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಂದು ಜಾರಿಗೆ ಬಂದಾಗ ₹3,000. ಒಂದು ವರ್ಷ ಅಥವಾ 200 ಸಲ ದಾಟುವುದು, ಯಾವುದು ಮೊದಲೋ ಅದು. ಸರಾಸರಿ ಟೋಲ್ ₹75 ಎಂದುಕೊಂಡರೂ 40 ಟೋಲ್‌ಗೆ ಹಣ ವಾಪಸ್, ನಿಮ್ಮ ದಾರಿಗೆ ಲಾಭವೇ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಂಥ ರಾಜ್ಯದ ರಸ್ತೆಗಳಿಗೆ ಅದು ಸಲ್ಲದು, ಟ್ಯಾಗ್‌ನಲ್ಲಿ ಬೇರೆ ಹಣ ಇಡಿ. ಹೆದ್ದಾರಿಯಲ್ಲಿ ಗಾಡಿ ನಿಂತರೆ 1033, ಬೇರೆ ತುರ್ತಿಗೆ 112. ಗೋವಾದಲ್ಲಿ ಕೊಂಡ ಮದ್ಯದ ಬಾಟಲಿ ಡಿಕ್ಕಿಯಲ್ಲಿ ಉಳಿಯದಿರಲಿ, ಗುಜರಾತಿನಲ್ಲಿ ಪಾನನಿಷೇಧವಿದೆ.

ಊಟದ ವಿಷಯ ಚಿಕ್ಕದೆನಿಸಿದರೂ ಮೂರು ತಿಂಗಳಿಗೆ ಚಿಕ್ಕದಲ್ಲ. ದಿನಾ ಹೋಟೆಲ್ ಊಟ ಮಾಡಿ ಸಂಜೆ ಪಾಳಿಗೆ ಕೂತರೆ ಹೊಟ್ಟೆ ಭಾರ, ಕಣ್ಣು ಭಾರ. 400 ವಾಟ್‌ನ ಪುಟ್ಟ ರೈಸ್ ಕುಕ್ಕರ್, ಒಂದು ಬಾಣಲೆ, ಚಾಕು ಸಾಕು. ಮನೆಯಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನಪುಡಿ, ಹುರಿಹಿಟ್ಟು, ಮಂಡ್ಯದ ಬೆಲ್ಲ, ಎರಡು ಕಿಲೋ ರಾಗಿ ಹಿಟ್ಟು. ಅಕ್ಕಿ, ತರಕಾರಿ, ಮೊಸರು ಎಲ್ಲ ಊರಲ್ಲೂ ಸಿಗುತ್ತವೆ. ಬಿಸಿ ಅನ್ನಕ್ಕೆ ಗೊಜ್ಜು ಕಲಸಿದರೆ ನಿಮ್ಮ ಯಜಮಾನರ ರಾತ್ರಿ ಊಟ ಹತ್ತು ನಿಮಿಷದ ಬಿಡುವಿನಲ್ಲಿ ಮುಗಿಯುತ್ತದೆ. ಗ್ಯಾಸ್ ಸಿಲಿಂಡರ್ ಕಾರಿನಲ್ಲಿ ಒಯ್ಯಬೇಡಿ.

ಅತ್ತೆ ಮಾವನವರಿಗೆ ಮಾತಿನ ಉತ್ತರ ಬೇಡ, ಒಂದು ರಿಹರ್ಸಲ್ ತೋರಿಸಿ. ಮೊದಲು ಮನೆಯಲ್ಲೇ ಒಂದು ಕೆಲಸದ ದಿನ ಫೈಬರ್ ರೂಟರ್ ಆರಿಸಿ, ಗೋಡೆಯ ಪ್ಲಗ್ ಮುಟ್ಟದೆ, ಸಿಮ್ ಮತ್ತು ಪವರ್ ಸ್ಟೇಷನ್ ಮೇಲೆಯೇ ಇಬ್ಬರೂ ಪಾಳಿ ಮುಗಿಸಿ. ರಾತ್ರಿ 11ಕ್ಕೆ ಎಷ್ಟು ಜಿಬಿ, ಎಷ್ಟು ವಾಟ್ ಅವರ್ ಹೋಯಿತು ಎಂದು ಬರೆದಿಡಿ; ಮೇಲಿನ ನಮ್ಮ ಅಂದಾಜಿಗಿಂತ ನಿಮ್ಮ ಆ ಅಂಕಿಯೇ ನಿಮಗೆ ಪ್ರಮಾಣ. ಆಮೇಲೆ ಸೆಪ್ಟೆಂಬರ್‌ನಲ್ಲಿ ಮಡಿಕೇರಿ ಅಥವಾ ಸಕಲೇಶಪುರದ ಕಡೆ ಒಂದು ಪೂರ್ತಿ ವಾರ. ಮಳೆ, ಕರೆಂಟ್ ಕಡಿತ, ಕುಂಟುವ ಸಿಗ್ನಲ್ ಮೂರೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಅಲ್ಲಿ ನಡೆದರೆ ಪುಣೆ, ವಡೋದರಾದಲ್ಲಿ ನಡೆದೇ ನಡೆಯುತ್ತದೆ. ಊಟಿ ಆರಿಸಿಕೊಂಡರೆ ನೀಲಗಿರಿಯ ಇ–ಪಾಸ್ ಮೊದಲೇ ತೆಗೆದುಕೊಳ್ಳಿ, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದು ನೆನಪಿರಲಿ.

ಮನೆ ಬೀಗ ಹಾಕುವಾಗ ಗ್ಯಾಸ್ ರೆಗ್ಯುಲೇಟರ್ ತೆಗೆಯಿರಿ, ಓವರ್‌ಹೆಡ್ ಟ್ಯಾಂಕಿನ ಮುಖ್ಯ ವಾಲ್ವ್ ಮುಚ್ಚಿ, ಫ್ರಿಜ್ ಖಾಲಿ ಮಾಡಿ ಬಾಗಿಲು ಅರೆತೆರೆದಿಡಿ. ಮನೆಯ ಯುಪಿಎಸ್‌ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸಿ ಪೂರ್ತಿ ಚಾರ್ಜ್ ಮಾಡಿ ಸ್ವಿಚ್ ಆರಿಸಿ, ಸ್ಕೂಟರಿನ ಬ್ಯಾಟರಿ ಟರ್ಮಿನಲ್ ಬಿಚ್ಚಿ. ಬಡಾವಣೆಯ ಪೊಲೀಸ್ ಠಾಣೆಗೆ ಮನೆ ಬೀಗ ಹಾಕಿರುತ್ತದೆ ಎಂದು ತಿಳಿಸಿ. ಕಾರಿನ ಎರಡನೇ ಕೀ ಮನೆಯಲ್ಲಿ ಬಿಟ್ಟು ಹೋಗಬೇಡಿ. ಒಂದು ಯಜಮಾನರ ಜೇಬಿನಲ್ಲಿ, ಇನ್ನೊಂದು ನಿಮ್ಮ ಕೈಚೀಲದಲ್ಲಿರಲಿ. ಎರಡೂ ಒಂದೇ ಚೀಲದಲ್ಲಿ ಬೇಡ.